ಮುಖವಾಡಕ್ಕೆ ಕನ್ನಡಕ

ಭಾನುವಾರ ಬೆಳಿಗ್ಗೆ ಗಿರೀಶ ಭಾವ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಹಾಕಿದರು. ನಗುವ ಬಿಳಿ ಮುಖವಾಡ, ಚೂಪು ಗಡ್ಡ. ಕೆಳಗೆ ಕೆಂಪು ಅಕ್ಷರಗಳಲ್ಲಿ: '1982ರ ಕಾಮಿಕ್ಸ್‌ನಲ್ಲೇ ಕೊರೊನಾ ಭವಿಷ್ಯ! ಬೀದಿಬೀದಿಯ ಕ್ಯಾಮೆರಾಗಳ ಬಗ್ಗೆಯೂ ಹೇಳಿತ್ತು! ಜನ ಸರ್ಕಾರಕ್ಕೆ ಹೆದರಬಾರದು, ಸರ್ಕಾರವೇ ಜನರಿಗೆ ಹೆದರಬೇಕು!' ಹಲವು ಕೈ ದಾಟಿ ಬಂದದ್ದೆಂದು ಸೂಚಿಸುವ ಜೋಡಿ ಬಾಣವೂ ಇತ್ತು.

ಗಿರೀಶ ಭಾವ: ನಾನು ಅಂದೇ ಹೇಳಿದ್ದೆ. ಎಲ್ಲವೂ ಮೊದಲೇ ನಿಗದಿಯಾಗಿತ್ತು.

ರಶ್ಮಿ ಅಕ್ಕ: ಅಂದು ಎಂದರೆ ಎಂದು, ಭಾವ? ಆಧಾರ ಕೊಡಿ.

ಗಿರೀಶ ಭಾವ: ಚಿತ್ರದಲ್ಲೇ ಇದೆಯಲ್ಲ.

ರಶ್ಮಿ ಅಕ್ಕ: 'ವಿ ಫಾರ್ ವೆಂಡೆಟಾ' ಕಾಮಿಕ್ಸ್‌ನಲ್ಲಿ ಮಹಾಮಾರಿಯೇ ಇಲ್ಲ. ಅಲ್ಲಿ ನಡೆಯುವುದು ಅಣುಯುದ್ಧ. ಬ್ರಿಟನ್ ಮೇಲೆ ಬಾಂಬ್ ಬೀಳುವುದಿಲ್ಲ, ಆದರೆ ಹವಾಮಾನ ಕೆಟ್ಟು, ಊಟಕ್ಕೆ ತತ್ವಾರವಾಗಿ, ಆ ಗೊಂದಲದಲ್ಲಿ ಫ್ಯಾಸಿಸ್ಟರು ಗದ್ದುಗೆ ಏರುತ್ತಾರೆ. ವೈರಸ್ ಬಂದದ್ದು 2006ರಲ್ಲಿ ಬಿಡುಗಡೆಯಾದ ಸಿನಿಮಾದಲ್ಲಿ. ಸರ್ಕಾರ ಜನರಿಗೆ ಹೆದರಬೇಕೆಂಬ ಮಾತೂ ಸಿನಿಮಾದ್ದೇ. ಕ್ಯಾಮೆರಾಗಳಿರುವುದು ಮಾತ್ರ ನಿಜ.

ಗಿರೀಶ ಭಾವ: ಒಪ್ಪಿದೆಯಲ್ಲ! ಮೂರರಲ್ಲಿ ಒಂದು ಸರಿ.

ರಶ್ಮಿ ಅಕ್ಕ: ಶೇಕಡಾ 33. ನಮ್ಮ ಕಾಲದಲ್ಲಿ ಪಾಸಾಗಲು 35 ಬೇಕಿತ್ತು.

ಗಿರೀಶ ಭಾವ: ನೀನು ನಮ್ಮ ಮದುವೆಯ ಆಮಂತ್ರಣ ಪತ್ರಿಕೆಯಲ್ಲೂ ಮೂರು ಕಾಗುಣಿತ ತಪ್ಪು ಹುಡುಕಿದವಳು.

ರಶ್ಮಿ ಅಕ್ಕ: ನಾಲ್ಕು.

ಅಷ್ಟರಲ್ಲಿ ದೊಡ್ಡಪ್ಪ ಬಂದರು. ಅವರು ಯಾವ ಫಾರ್ವರ್ಡನ್ನೂ ತೆರೆದು ಓದುವುದಿಲ್ಲ. ಉತ್ತರ ಮಾತ್ರ ತಪ್ಪದೇ ಕೊಡುತ್ತಾರೆ.

ದೊಡ್ಡಪ್ಪ: ಶುಭೋದಯ. ಕಾಮಿಕ್ಸ್ ಓದಿ ಉದ್ಧಾರವಾದವರನ್ನು ನಾನು ಕಂಡಿಲ್ಲ. ಈ ಮುಖವಾಡದ ಮನುಷ್ಯ ಯಾರು? ಸ್ವಾತಂತ್ರ್ಯ ಹೋರಾಟಗಾರನೇ?

ರಶ್ಮಿ ಅಕ್ಕ: ಅದು ಗೈ ಫಾಕ್ಸ್‌ನ ಮುಖ ದೊಡ್ಡಪ್ಪ. 1605ರಲ್ಲಿ 36 ಪೀಪಾಯಿ ಮದ್ದು ತುಂಬಿ ಲಂಡನ್ನಿನ ಸಂಸತ್ತನ್ನು ರಾಜನ ಸಮೇತ ಉಡಾಯಿಸಲು ಹೋಗಿ ಸಿಕ್ಕಿಬಿದ್ದವರ ಗುಂಪಿನವನು. ಅವರಿಗೆ ಬೇಕಿದ್ದದ್ದು ಪ್ರಜೆಗಳ ರಾಜ್ಯವಲ್ಲ, ಕ್ಯಾಥೊಲಿಕ್ ದೊರೆ. ಅಲ್ಲಿನ ಜನ ನೂರಾರು ವರ್ಷಗಳಿಂದ ನವೆಂಬರ್ 5ರಂದು ಅವನ ಬೊಂಬೆ ಸುಡುತ್ತಾ ಬಂದಿದ್ದಾರೆ. ಕಥೆ ಬರೆದದ್ದು ಅಲನ್ ಮೂರ್. ಆ ಮುಖವನ್ನು ನಾಯಕನಿಗೆ ತೊಡಿಸೋಣ ಎಂದದ್ದು ಚಿತ್ರಕಾರ ಡೇವಿಡ್ ಲಾಯ್ಡ್. ಇನ್ನು ಕಥೆಯ ಸರ್ಕಾರದ ಇಲಾಖೆಗಳ ಹೆಸರು ನೋಡಿ: ಕಣ್ಣು ನೋಡುತ್ತದೆ, ಕಿವಿ ಕದ್ದು ಕೇಳುತ್ತದೆ, ಮೂಗು ತನಿಖೆ ಮಾಡುತ್ತದೆ, ಬಾಯಿ ಪ್ರಚಾರ ಮಾಡುತ್ತದೆ, ಬೆರಳು ಹೊಡೆಯುತ್ತದೆ. ಎಲ್ಲಕ್ಕೂ ಮೇಲೆ ತಲೆ.

ದೊಡ್ಡಪ್ಪ: ಇದರಲ್ಲಿ ತಪ್ಪೇನು? ದೇಶವಾಗಲಿ ಮನೆಯಾಗಲಿ ಒಂದು ದೇಹದ ಹಾಗಿರಬೇಕು. ತಲೆ ಹೇಳಿದ್ದನ್ನು ಕೈಕಾಲು ಕೇಳಬೇಕು.

ರಶ್ಮಿ ಅಕ್ಕ: ಕಥೆಯ ಸರ್ವಾಧಿಕಾರಿಯ ನಂಬಿಕೆಯೂ ಅದೇ.

ಏಳು ನಿಮಿಷ ಯಾರೂ ಏನೂ ಬರೆಯಲಿಲ್ಲ. 'ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ' ಎಂಬುದು ಕಾಣಿಸಿಕೊಳ್ಳುತ್ತಿತ್ತು, ಅಳಿಸಿಹೋಗುತ್ತಿತ್ತು.

ದೊಡ್ಡಪ್ಪ: ಈ ವಯಸ್ಸಿನಲ್ಲಿ ಸರ್ವಾಧಿಕಾರಿ ಎನ್ನಿಸಿಕೊಂಡೆ. ಸಂತೋಷ.

ಗಿರೀಶ ಭಾವ: ಹಿರಿಯರಿಗೆ ಹೀಗೆ ಹೇಳಬಾರದಿತ್ತು ರಶ್ಮಿ.

ಮುಖವಾಡವನ್ನು ಗುಂಪಿಗೆ ತಂದವರೇ ಈಗ ನ್ಯಾಯಾಧೀಶರಾಗಿದ್ದರು. ನಾನು ಧೈರ್ಯ ಮಾಡಿ ಒಂದು ಸಂದೇಶ ಬರೆದೆ: ಕಥೆಯಲ್ಲಿ ನನ್ನನ್ನು ಕಾಡಿದ್ದು ಕ್ಯಾಮೆರಾ ಅಲ್ಲ, ಈವಿಯ ಸೆರೆವಾಸ. ಆ ಹುಡುಗಿಯ ತಲೆ ಬೋಳಿಸಿ, ಕತ್ತಲ ಕೋಣೆಗೆ ತಳ್ಳಿ, ದಿನವೂ ವಿಚಾರಣೆ ನಡೆಸುತ್ತಾರೆ. ಗೋಡೆಯ ಸಂದಿಯಲ್ಲಿ ಟಾಯ್ಲೆಟ್ ಕಾಗದದ ಮೇಲೆ ಬರೆದ ಪತ್ರವೊಂದು ಅವಳಿಗೆ ಸಿಗುತ್ತದೆ. ಸಾಯಲು ಸಿದ್ಧಳಾದ ದಿನ ಬಾಗಿಲು ತೆರೆದಿರುತ್ತದೆ. ಹೊರಗೆ ಬಂದು ನೋಡಿದರೆ ಕಾವಲುಗಾರ ಬೊಂಬೆ, ಜೈಲು ಸುಳ್ಳು. ಇಷ್ಟನ್ನೂ ಮಾಡಿದವನು ಮುಖವಾಡದ ನಾಯಕನೇ. ಪತ್ರ ಮಾತ್ರ ನಿಜ. ಬಿಡುಗಡೆ ಮಾಡಿಸುತ್ತೇನೆಂದು ಹಿಂಸಿಸುವವನನ್ನು ನಾಯಕನೆಂದು ಹೇಗೆ ಒಪ್ಪುವುದು?

ಇದಕ್ಕೆ ಒಂದು ಹೆಬ್ಬೆರಳು ಬಂತು, ದೊಡ್ಡಮ್ಮನದು. ದೊಡ್ಡಮ್ಮ ಎಲ್ಲದಕ್ಕೂ ಹೆಬ್ಬೆರಳು ಒತ್ತುತ್ತಾರೆ, ಸಾವಿನ ಸುದ್ದಿಗೂ.

ಪ್ರಸನ್ನಣ್ಣ: ಅಯ್ಯೋ, ಆ ಪುಸ್ತಕ ನನ್ನ ಲೈಬ್ರರಿಯಲ್ಲಿತ್ತು! ನೆನಪಿದೆಯೇ ಎಲ್ಲರಿಗೂ? ಅಳಿಸುವ ರಬ್ಬರು ಕೆತ್ತಿ ಮೊಹರು ಮಾಡಿದ್ದೆ. 'ಪ್ರ' ಉಲ್ಟಾ ಬೀಳುತ್ತಿತ್ತು. ರಜೆಯಲ್ಲಿ ಟಾರ್ಚು ಹಿಡಿದು ಓದುತ್ತಿದ್ದೆವು. ಸಂಸತ್ತೇ ಸಿಡಿದರೂ ಪುಟದಲ್ಲಿ 'ಧಡಾರ್' ಎಂಬ ಒಂದಕ್ಷರವಿಲ್ಲ. ಇಡೀ ಕಥೆಯಲ್ಲೇ ಸದ್ದು ಬರೆದಿಲ್ಲ.

ನಾನು: ಅಣ್ಣ, ಬಣ್ಣ ಮಾಸಿದೆ, ನೀರು ಬೀಳಿಸಿದ್ದೀಯ ಎಂದು ನನ್ನಿಂದ ಎರಡು ಪೆನ್ಸಿಲ್ ದಂಡ ವಸೂಲಿ ಮಾಡಿದೆ. ಅದು ಮೊದಲು ಕಪ್ಪುಬಿಳುಪಿನಲ್ಲಿ ಬಂದ ಕಥೆ. ಅದನ್ನು ಪ್ರಕಟಿಸುತ್ತಿದ್ದ ಪತ್ರಿಕೆ 1985ರಲ್ಲಿ ನಿಂತಿತು. 1988ರಲ್ಲಿ ಅಮೆರಿಕದ ಪ್ರಕಾಶಕರು ಮತ್ತೆ ತಂದಾಗ ಬಣ್ಣ ಹಚ್ಚಿದರು. ಅದರ ಬಣ್ಣವೇ ತೆಳು.

ಪ್ರಸನ್ನಣ್ಣ: ಪೆನ್ಸಿಲ್ ಬಿಡು. ಪುಸ್ತಕ ಯಾರ ಬಳಿ ಇದೆ? ಎಷ್ಟೋ ವರ್ಷದಿಂದ ಕೇಳುತ್ತಿದ್ದೇನೆ. ಭಾವನ ಮೇಲೆಯೇ ನನ್ನ ಅನುಮಾನ.

ಗಿರೀಶ ಭಾವ: ನಾನೇ? ಆ ಪುಸ್ತಕವನ್ನು ನಾನು ಕಣ್ಣಿಂದಲೂ ನೋಡಿಲ್ಲ.

ರಶ್ಮಿ ಅಕ್ಕ: ಎಲ್ಲರೂ ಗಮನಿಸಿ. ಓದದೆಯೇ ಫಾರ್ವರ್ಡ್ ಮಾಡಿದ್ದಾರೆಂದು ಭಾವನೇ ಒಪ್ಪಿಕೊಂಡರು.

ಗಿರೀಶ ಭಾವ: ನೀನಾದರೂ ಆಧಾರ ಕೊಟ್ಟೆಯಾ? ಅಣುಯುದ್ಧ ಎಂದು ಎಲ್ಲಿದೆ? ಪುಟ ತೋರಿಸು.

ರಶ್ಮಿ ಅಕ್ಕನನ್ನು ಕೆಣಕಲು ಇದಕ್ಕಿಂತ ಒಳ್ಳೆಯ ಮಾತಿಲ್ಲ. ಮೂರೇ ನಿಮಿಷದಲ್ಲಿ ಫೋಟೊ ಬಂತು. ಈವಿ ಯುದ್ಧಕಾಲದ ತನ್ನ ಬಾಲ್ಯವನ್ನು ಮುಖವಾಡದವನಿಗೆ ಹೇಳುವ ಪುಟ. ಸಾಲುಗಳ ಕೆಳಗೆ ಗೆರೆ ಎಳೆದಿತ್ತು. ಭಾವ ಸೋತಿದ್ದರು, ಯಾವ ಸಂಶಯವೂ ಇರಲಿಲ್ಲ.

ಪ್ರಸನ್ನಣ್ಣ: ಬಲಗಡೆ ಮೂಲೆಯನ್ನು ದೊಡ್ಡದು ಮಾಡಿ ನೋಡಿ.

ನೋಡಿದೆವು. ನೇರಳೆ ಶಾಯಿ, ಸಂಖ್ಯೆ 14, ಉಲ್ಟಾ 'ಪ್ರ'.

ಫೋಟೊ ಅಳಿಸಲಾಯಿತು. ಅಷ್ಟರೊಳಗೆ ಭಾವ ಅದನ್ನು ಉಳಿಸಿಕೊಂಡು, ಮೊಹರಿಗೆ ಕೆಂಪು ವೃತ್ತ ಹಾಕಿ, ಮತ್ತೆ ಗುಂಪಿಗೇ ಕಳುಹಿಸಿದ್ದರು. ಜೊತೆಗೆ ಎರಡೇ ಪದ: ಆಧಾರ ಸಮೇತ.

ದೊಡ್ಡಪ್ಪ: ಇದಕ್ಕೇ ನಾನು ಹೇಳುವುದು, ಮನೆಗೊಂದು ತಲೆ ಬೇಕು.

ರಶ್ಮಿ ಅಕ್ಕ: ಮುಂದಿನ ವಾರ ತಂದುಕೊಡುತ್ತೇನೆ.

ಪ್ರಸನ್ನಣ್ಣ: ಕೊಡು. ಆ ಪುಟದ ಮುಖವಾಡಕ್ಕೆ ಪೆನ್ನಿನಿಂದ ಕನ್ನಡಕ ಬರೆದಿದೆಯಲ್ಲ, ಅದರ ದಂಡ ಬೇರೆ.

ರಶ್ಮಿ ಅಕ್ಕ: ನನ್ನ ಕೈಗೆ ಬಂದಾಗಲೇ ಕನ್ನಡಕ ಇತ್ತು.

ಅಕ್ಕ ಹೇಳಿದ್ದು ನಿಜ. ಅವಳಿಗಿಂತ ಮೊದಲು ಪುಸ್ತಕ ಯಾರ ಬಳಿ ಇತ್ತೆಂದು ಪ್ರಸನ್ನಣ್ಣ ಕೇಳತೊಡಗಿದಾಗ, ನಾನೂ ದೊಡ್ಡಮ್ಮನಂತೆ ಒಂದು ಹೆಬ್ಬೆರಳು ಒತ್ತಿ ಫೋನನ್ನು ಬೋರಲು ಹಾಕಿದೆ.