ಫಿಲೊಮೀನಾ ಎಂದರೆ ನಗು, ನೋರಾ ಎಂದರೆ ಮೆಚ್ಚುಗೆ: ಐರ್ಲೆಂಡಿನಲ್ಲಿ ಯಾವುದು ಹಳೆಯ ಹೆಸರು?

ಪ್ರಶ್ನೆ

ಮದುವೆಯಾಗಿ ಕಾರ್ಕ್ ನಗರಕ್ಕೆ ಬಂದು ನೆಲೆಸಿರುವ ನನಗೆ ಈಗ ಐದು ತಿಂಗಳು ತುಂಬಿದೆ. ಹೆಣ್ಣು ಮಗುವಾದರೆ ನಮ್ಮ ಯಜಮಾನರ ಮನೆಯ ಹಿರಿಯರೊಬ್ಬರ ಹೆಸರನ್ನೇ ಇಡಬೇಕೆಂಬುದು ನನ್ನ ಆಸೆ. ಕಳೆದ ಭಾನುವಾರ ಎಲ್ಲರೂ ಊಟಕ್ಕೆ ಸೇರಿದ್ದಾಗ, ಅವರ ಅಜ್ಜಿಯ ಹೆಸರಾದ ಫಿಲೊಮೀನಾ ಎಂಬುದನ್ನು ಪ್ರಸ್ತಾಪಿಸಿದೆ. ನಾದಿನಿ ನಕ್ಕುಬಿಟ್ಟಳು. ಅತ್ತೆಯವರು ಗ್ರೇವಿಯ ಜಗ್ಗನ್ನು ಕೈಯಲ್ಲಿ ಹಿಡಿದುಕೊಂಡೇ, ‘ಪಾಪ, ಆ ಮಗು!’ ಎಂದರು; ಅದೂ ತಮ್ಮ ಸ್ವಂತ ತಾಯಿಯ ಹೆಸರಿಗೆ. ಸ್ವಲ್ಪ ಹೊತ್ತಿನ ಬಳಿಕ ಮುತ್ತಜ್ಜಿಯ ಹೆಸರಾದ ನೋರಾ ಎಂದಾಗ ಅದೇ ಇಬ್ಬರೂ ‘ಎಷ್ಟು ಚೆನ್ನಾಗಿದೆ’ ಎಂದು ಸಂಭ್ರಮಿಸಿದರು. ನೋರಾ ಎಂಬುದು ಇನ್ನೂ ಒಂದು ತಲೆಮಾರು ಹಿಂದಿನ ಹೆಸರಲ್ಲವೇ? ಐರಿಷ್ ಜನರ ಕಿವಿಗೆ ಹಳೆಯದು ಯಾವುದು, ಹೊಸದು ಯಾವುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನಾನು ಡಬ್ಲಿನ್‌ನಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದೇನೆ. ನಾನು ಕಂಡಂತೆ ಇಲ್ಲಿನವರು ಹೆಸರಿನ ವಯಸ್ಸನ್ನು ಅದು ಹುಟ್ಟಿದ ಕಾಲದಿಂದ ಎಣಿಸುವುದಿಲ್ಲ. ಆ ಹೆಸರಿನವರು ಈಗ ಎಷ್ಟು ವಯಸ್ಸಿನವರು ಎಂಬುದರಿಂದ ಎಣಿಸುತ್ತಾರೆ. ನೋರಾ, ಕಿಟ್ಟಿ, ನೆಲ್ ಮುಂತಾದ ಹೆಸರಿನ ಮುತ್ತಜ್ಜಿಯರು ಬಹುಪಾಲು ತೀರಿಕೊಂಡು ಗೋಡೆಯ ಮೇಲಿನ ಚಿತ್ರಗಳಾಗಿರುವುದರಿಂದ, ಆ ಹೆಸರುಗಳಿಗೆ ಅಂಟಿದ್ದ ಮುಪ್ಪು ಕಳಚಿಹೋಗಿದೆ. ಫಿಲೊಮೀನಾ ಹಾಗಲ್ಲ. ಆ ಹೆಸರಿನ ಚಿಕ್ಕಮ್ಮನೋ ಸೋದರತ್ತೆಯೋ ಇನ್ನೂ ಪ್ರತಿ ಭಾನುವಾರ ಪೂಜೆಗೆ ಬಂದು ಚರ್ಚಿನ ಮೂರನೆಯ ಸಾಲಿನಲ್ಲಿ ಕುಳಿತಿರುತ್ತಾರೆ.

ಇದರ ಹಿಂದೆ ಧರ್ಮದ ಸಂಗತಿಯೂ ಇದೆ. ಕಳೆದ ಶತಮಾನದ ನಡುಭಾಗದಲ್ಲಿ ಐರ್ಲೆಂಡಿನ ಹೆಣ್ಣುಮಕ್ಕಳ ಹೆಸರುಗಳು ಕ್ಯಾಥೊಲಿಕ್ ಧರ್ಮಪೀಠವಾದ ರೋಮ್‌ನಿಂದ ಬರುತ್ತಿದ್ದ ಸುದ್ದಿಯನ್ನೇ ಹಿಂಬಾಲಿಸುತ್ತಿದ್ದವು ಎಂದರೆ ತಪ್ಪಾಗದು. 1933ರಲ್ಲಿ ಬರ್ನಡೆಟ್‌ರಿಗೂ 1950ರಲ್ಲಿ ಮರಿಯಾ ಗೊರೆಟ್ಟಿಯವರಿಗೂ ಸಂತ ಪದವಿ ದೊರೆಯಿತು. 1954ನ್ನು ಮಾತೆ ಮೇರಿಯ ವರ್ಷವೆಂದು ಆಚರಿಸಲಾಯಿತು. ಮನೆಮನೆಯಲ್ಲೂ ಬರ್ನಡೆಟ್, ಗೊರೆಟ್ಟಿ, ಮೇರಿಯನ್ ಹುಟ್ಟಿದರು. ಮಾತೆ ಮೇರಿಯ ಬಿರುದುಗಳಿಂದ ಬಂದ ಅಸಂಪ್ಟಾ, ಕನ್ಸೆಪ್ಟಾ, ಡೊಲೋರೆಸ್ ಎಂಬುವೂ ಇದೇ ಗುಂಪಿನವು. ಆದ್ದರಿಂದ ಕನ್ಸೆಪ್ಟಾ ಎಂದೊಡನೆ ಐವತ್ತು ದಾಟಿದ ಐರಿಷ್ ಮಹಿಳೆಗೆ ನೆನಪಾಗುವುದು ಒಬ್ಬ ಅಜ್ಜಿಯಷ್ಟೇ ಅಲ್ಲ. ಕಾನ್ವೆಂಟ್ ಶಾಲೆಯ ಶಿಸ್ತು, ಸಂಜೆ ಮೊಣಕಾಲೂರಿ ಹೇಳಬೇಕಿದ್ದ ಜಪಮಾಲೆ, ಪ್ರಶ್ನಿಸಲಾಗದಿದ್ದ ಪಾದ್ರಿ, ಎಲ್ಲವೂ ಒಟ್ಟಿಗೆ ಎದ್ದುಬರುತ್ತವೆ. ನಿಮ್ಮ ಅತ್ತೆಯವರ ‘ಪಾಪ’ ಎಂಬ ಮಾತಿನಲ್ಲಿ ಅದೂ ಸ್ವಲ್ಪ ಸೇರಿದ್ದಿರಬಹುದು. ಫಿಲೊಮೀನಾಳ ಪಾಡು ಇನ್ನೂ ವಿಚಿತ್ರ: 1961ರಲ್ಲಿ ರೋಮ್ ಆ ಸಂತಳ ಹಬ್ಬವನ್ನೇ ಪಂಚಾಂಗದಿಂದ ತೆಗೆದುಹಾಕಿತು, ಅಷ್ಟರೊಳಗೆ ಊರ ತುಂಬ ಫಿಲೊಮೀನಾಗಳಿದ್ದರು.

ಸರ್ಕಾರಿ ಅಂಕಿಅಂಶ ಕಚೇರಿಯ 1964ರ ಪಟ್ಟಿಯಲ್ಲಿ ಮೊದಲ ಸ್ಥಾನ ಜಾನ್ ಮತ್ತು ಮೇರಿ ಎಂಬ ಹೆಸರುಗಳದ್ದು. ಈಗ ತೊಟ್ಟಿಲಲ್ಲಿ ಮೇರಿಯನ್ನು ಕಾಣುವುದು ಅಪರೂಪ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಭಾಷೆಯ ಸಂಗತಿಯನ್ನು ಸೇರಿಸದಿದ್ದರೆ ಚಿತ್ರ ಪೂರ್ಣವಾಗದು. ಇಂಗ್ಲಿಷ್ ಆಡಳಿತದ ಕಾಲದಲ್ಲಿ ಮನೆಯಲ್ಲಿ ಕರೆಯುವ ಗೇಲಿಕ್ (ಇಲ್ಲಿನ ಮೂಲ ಐರಿಷ್ ಭಾಷೆಯ) ಹೆಸರೊಂದು, ದಾಖಲೆಯಲ್ಲಿ ಬರೆಯುವ ಹೆಸರು ಇನ್ನೊಂದು ಆಗಿರುತ್ತಿತ್ತು. ನೀವಿರುವ ಕಾರ್ಕ್ ಮತ್ತು ಪಕ್ಕದ ಕೆರಿ ಕೌಂಟಿಗಳಲ್ಲಿ ಟೈಗ್ ಎಂಬವನು ದಾಖಲೆಯಲ್ಲಿ ಟಿಮೊಥಿ ಆಗುತ್ತಿದ್ದ, ಡಿಯರ್‌ಮಿಡ್ ಎಂಬವನು ಜೆರೆಮಾಯ, ಕಾನರ್ ಎಂಬವನು ಕಾರ್ನೀಲಿಯಸ್. ಅರ್ಥಸಂಬಂಧವೇನೂ ಇಲ್ಲ, ಕಿವಿಗೆ ತುಸು ಹೋಲಿಕೆಯಿದ್ದರೆ ಸಾಕಾಗಿತ್ತು. ಈಗ ಕಾರ್ನೀಲಿಯಸ್ ಎಂದರೆ ಟೋಪಿ ಹಾಕಿದ ಮುದುಕ ರೈತನೊಬ್ಬ ಕಣ್ಣಮುಂದೆ ಬರುತ್ತಾನೆ. ಕಾನರ್ ಎಂದರೆ ಶಾಲೆಗೆ ಓಡುವ ಹುಡುಗ. ಎಷ್ಟೋ ಶತಮಾನ ಹಳೆಯದಾದ ಗೇಲಿಕ್ ಹೆಸರೇ ಎಳೆಯದಾಗಿ ಕೇಳಿಸುತ್ತದೆ. 2021ರಲ್ಲಿ ಹೆಣ್ಣುಮಕ್ಕಳ ಪಟ್ಟಿಯ ಮೊದಲ ಸ್ಥಾನಕ್ಕೆ ಬಂದ ಫೀಯಾ ಎಂಬುದು ಇನ್ನೂ ಸ್ವಾರಸ್ಯಕರ. ಜಿಂಕೆ, ಪಳಗದ ಎಂಬ ಅರ್ಥಗಳುಳ್ಳ ಪದವೊಂದರ ಹಳೆಯ ಕಾಗುಣಿತವದು. ಹೆಸರಾಗಿ ಮಾತ್ರ ತೀರ ಹೊಸದು.

ಎಲ್ಲ ಗೇಲಿಕ್ ಹೆಸರುಗಳಿಗೂ ಈ ಅದೃಷ್ಟವಿಲ್ಲ. ಡೀರ್‌ಡ್ರಿ, ಶಿನೇಡ್, ಡೆಕ್ಲನ್ ಎಂದರೆ ಕಚೇರಿಯಲ್ಲಿ ರಜೆ ಮಂಜೂರು ಮಾಡುವ ಮೇಲಧಿಕಾರಿಯ ಹೆಸರೆಂದು ಇಲ್ಲಿನ ಯುವ ದಂಪತಿಗಳಿಗೆ ಅನ್ನಿಸುತ್ತದೆ. ನನ್ನ ಎಣಿಕೆಯಲ್ಲಿ ಅಜ್ಜಿಯ ಹೆಸರಿಗಿಂತ ಅಮ್ಮನ ವಯಸ್ಸಿನವರ ಹೆಸರೇ ಇಲ್ಲಿ ಹೆಚ್ಚು ಹಳತು.

ಮೂರನೆಯ ಉತ್ತರ

ಊಟದ ಮೇಜಿನ ನಗುವಿಗೆ ಅಷ್ಟು ಬೆಲೆ ಕೊಡಬೇಡಿ ಎಂದು ನಾನು ಹೇಳುವೆ. ಬ್ರಿಜೆಟ್ ಎಂಬ ಹೆಸರನ್ನೇ ನೋಡಿ: ಅಮೆರಿಕೆಗೆ ಹೋಗಿ ಮನೆಗೆಲಸಕ್ಕೆ ಸೇರಿದ ಐರಿಷ್ ಹುಡುಗಿಯರನ್ನೆಲ್ಲ ಅದರ ಮೊಟಕು ರೂಪವಾದ ಬಿಡ್ಡಿ ಎಂದೇ ಗೇಲಿ ಮಾಡುತ್ತಿದ್ದ ಕಾರಣ, ಅನೇಕರು ಡೀಲಿಯಾ ಎಂದು ಹೆಸರು ಬದಲಿಸಿಕೊಂಡರು. ಆ ಹೆಸರಿನ ಮೂಲವಾದ ಬ್ರಿಜಿಡ್ ಸಂತಳ ದಿನಕ್ಕೆಂದು 2023ರಿಂದ ಐರ್ಲೆಂಡ್ ಫೆಬ್ರವರಿಯ ಆರಂಭದಲ್ಲಿ ಸಾರ್ವಜನಿಕ ರಜೆ ಕೊಡುತ್ತಿದೆ. ಹಿರಿಯರ ಹೆಸರಿಡುವುದೂ ಇಲ್ಲಿಗೆ ಹೊರಗಿನದಲ್ಲ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು ಎಂಬ ಕ್ರಮ ಹಿಂದೆ ಹಳ್ಳಿಗಳಲ್ಲಿ ವ್ಯಾಪಕವಾಗಿತ್ತು. ಆದರೂ ದಿನವೂ ಕೂಗಿ ಕರೆಯುವ ಹೆಸರು ನೋರಾ ಇರಲಿ, ಫಿಲೊಮೀನಾ ಎರಡನೆಯ ಹೆಸರಾಗಿ ಜನನ ಪತ್ರದಲ್ಲಿ ಸೇರಲಿ ಎಂಬುದು ನನ್ನ ಸಲಹೆ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಧನ್ಯವಾದಗಳು. ನಿನ್ನೆ ಅತ್ತೆಯವರೊಡನೆ ಒಬ್ಬಳೇ ಕುಳಿತಿದ್ದಾಗ, ಅವರ ತಾಯಿಯನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂದು ವಿಚಾರಿಸಿದೆ. ಫಿಲೊಮೀನಾ ಎಂದು ಕರೆಯುತ್ತಿದ್ದವರು ಪಾದ್ರಿ ಮತ್ತು ವೈದ್ಯರು ಮಾತ್ರವಂತೆ. ಉಳಿದವರೆಲ್ಲರಿಗೂ ಅವರು ಮೀನಾ. ನಾನು ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡೆ. ರಾತ್ರಿ ಅಮ್ಮನಿಗೆ ಫೋನ್ ಮಾಡಿ ತಿಳಿಸಿದಾಗ, ‘ಇಷ್ಟು ದಿನ ಯೋಚಿಸಿ ನಮ್ಮ ಹೆಸರನ್ನೇ ಆರಿಸಿದೆಯಾ?’ ಎಂದು ಕೇಳಿದರು.