ಅಪ್‌ಡೇಟ್: ಮಾಂಟುವಾ ಅರಮನೆ ನೋಡಿ ಬಂದೆವು

ಇಟಲಿಯ ವೆರೋನಾದಿಂದ ಒಂದೇ ದಿನದಲ್ಲಿ ಅಮ್ಮನ ಜೊತೆ ಮಾಂಟುವಾ ಊರಿಗೆ ಹೋಗಿ, ಹಿಂದೆ ಅಲ್ಲಿ ಆಳಿದ್ದ ಗೊಂಜಾಗಾ ಮನೆತನದ ಡ್ಯೂಕಲ್ ಅರಮನೆ ನೋಡಬಹುದಾ ಅಂತ ಇಲ್ಲಿ ಮೊದಲು ಕೇಳಿದ್ದೆ. ಆರಾಮಾಗಿ ನೋಡಬಹುದು. ಸೋಮವಾರ ಮಾತ್ರ ಬೇಡ, ಅವತ್ತು ರಜೆ.

ಅರಮನೆಯೊಳಗೆ ಮಾಂಟೇನ್ಯ ಅನ್ನೋ ಹಳೇ ಕಾಲದ ಚಿತ್ರಕಾರ ಗೋಡೆ, ಚಾವಣಿ ಮೇಲೆ ಚಿತ್ರ ಬರೆದ ಕೋಣೆಗೆ ಮೊದಲೇ ಸಮಯ ಬುಕ್ ಮಾಡಿ ಅಂತ ಇಲ್ಲಿ ಕೆಲವರು ಅಂದಿದ್ದರಲ್ಲ, ಆ ಸಲಹೆಯೇ ಕೈ ಹಿಡಿಯಿತು. ಒಳಗೆ ಸ್ವಲ್ಪ ಜನರನ್ನೇ, ಸ್ವಲ್ಪ ಹೊತ್ತಷ್ಟೇ ಬಿಡುತ್ತಾರೆ. ಮಧ್ಯಾಹ್ನ ಅದೇ ಊರಿನ ಇನ್ನೊಂದು ಅರಮನೆ, ‘ಟೆ’ ಅರಮನೆಯನ್ನೂ ಮುಗಿಸಿ ಅನ್ನೋ ಸಲಹೆ ಮಾತ್ರ ನಮಗೆ ಆಗಲಿಲ್ಲ. ಡ್ಯೂಕಲ್ ಅರಮನೆಯೇ ಒಂದು ಊರಿನಷ್ಟು ದೊಡ್ಡದು, ಅಮ್ಮನಿಗೆ ಕಾಲು ನೋವು ಶುರುವಾಯಿತು.

ಆ ಕೋಣೆಯ ಚಿತ್ರಗಳು 1465ರಿಂದ 1474ರ ನಡುವಿನವು. ತಲೆ ಎತ್ತಿದರೆ ಚಾವಣಿ ತೆರೆದು ಆಕಾಶ ಕಾಣುತ್ತದೆ! ಹೆಂಗಸರು ಬಗ್ಗಿ ನೋಡಿ ನಗುತ್ತಿದ್ದಾರೆ. ಒಂದು ಗಿಡದ ತೊಟ್ಟಿ ಬರೀ ಕೋಲಿನ ಮೇಲೆ ನಿಂತಿದೆ, ಈಗಲೇ ಬೀಳುತ್ತೇನೋ ಅನ್ನಿಸುತ್ತದೆ. ಎಲ್ಲಾ ಬರೀ ಬಣ್ಣ. ಗೋಡೆಯ ಮೇಲೆ ಆಗಿನ ಗೊಂಜಾಗಾ ದೊರೆ ಲುಡೊವಿಕೊ ಕಾಗದ ಹಿಡಿದು ಕೂತಿದ್ದಾನೆ, ಕುರ್ಚಿ ಕೆಳಗೆ ಅವನ ನಾಯಿ ಮಲಗಿದೆ. ಅಮ್ಮ ಜಾಸ್ತಿ ಹೊತ್ತು ನೋಡಿದ್ದು ಆ ನಾಯಿಯನ್ನೇ.

ನನಗೆ ಗೊತ್ತೇ ಇರದಿದ್ದ ವಿಷಯ: 2012ರ ಭೂಕಂಪದಲ್ಲಿ ಈ ಭಾಗಕ್ಕೆ ಪೆಟ್ಟಾಗಿ, ಕೋಣೆ ಮತ್ತೆ ತೆರೆದದ್ದು 2015ರಲ್ಲಿ. ವಯಸ್ಸಾದವರ ಜೊತೆ ಹೋಗುವವರು ಬೆಳಗಿನ ಸಮಯವನ್ನೇ ತಗೊಳ್ಳಿ.