ಎರಡು ಯೂನಿಟ್ ನುಂಗಿದವರು ಯಾರು?

ನಿನ್ನೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ಆ ಸಂದೇಶವನ್ನು ಕೊನೆಯವರೆಗೆ ಓದಿದವರು ಇಬ್ಬರು. ಕಳುಹಿಸಿದ ದೊಡ್ಡಪ್ಪ ಅವರಲ್ಲಿ ಸೇರಿಲ್ಲ.

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ! ವಿದ್ಯುತ್ ಕಾರಿನ ಪರದೆ ನೂರು ಕಿಲೋಮೀಟರಿಗೆ 16 ಯೂನಿಟ್ ಎನ್ನುತ್ತದೆ. ಮನೆಯ ಮೀಟರ್ 18 ತೋರಿಸುತ್ತದೆ. ಎರಡು ಯೂನಿಟ್ ನುಂಗಿದವರು ಯಾರು? ಹತ್ತು ಮಂದಿಗೆ ತಲುಪಿಸಿ.

ಭಾವ: ಮಾವ, ಇದಕ್ಕೆ ಮೂಲ ಯಾವುದು? ಯಾವ ಕಾರು, ಎಷ್ಟು ವೇಗ?

ದೊಡ್ಡಪ್ಪ: ಅಳಿಯಂದಿರೇ, ಎಲ್ಲದಕ್ಕೂ ಮೂಲ ಕೇಳಬಾರದು. ಇದ್ದುದರಲ್ಲಿ ತೃಪ್ತಿಪಟ್ಟರೆ ಕಾರೂ ಬೇಡ, ಚಾರ್ಜರೂ ಬೇಡ.

ಅತ್ತೆ: ಯಾರು ಏನು ನುಂಗಿದರು? ಮಗು ಹುಷಾರಾಗಿದೆಯೇ?

ಅತ್ತಿಗೆ: ಮಗು ಚೆನ್ನಾಗಿದೆ. ಮಾವ, ಮೀಟರಿನಿಂದ ಬರುವುದು ಎಸಿ (ದಿಕ್ಕು ಬದಲಿಸುತ್ತಲೇ ಇರುವ) ವಿದ್ಯುತ್ತು, ಬ್ಯಾಟರಿಗೆ ಬೇಕಾದದ್ದು ಡಿಸಿ (ಒಂದೇ ದಿಕ್ಕಿನದು). ಕಾರಿನೊಳಗಿನ ಚಾರ್ಜರ್ ಅದನ್ನು ಬದಲಿಸುವಾಗ ನೂರಕ್ಕೆ ಹತ್ತರಷ್ಟು ಶಾಖವಾಗಿ ಹೋಗುತ್ತದೆ. ಪರದೆ ಎಣಿಸುವುದು ಬ್ಯಾಟರಿಯಿಂದ ಹೊರಟದ್ದನ್ನು ಮಾತ್ರ. ಬಿಲ್ಲು ಬರುವುದು ಮೀಟರಿನ ಲೆಕ್ಕದಲ್ಲಿ. ಹಾಗಾಗಿ ನಾನು ಮೀಟರನ್ನೇ ಬರೆದಿಡುತ್ತೇನೆ. ನಮ್ಮದು ಊರೊಳಗೆ 15, ಹೆದ್ದಾರಿಯಲ್ಲಿ 21. ಚಳಿಯಲ್ಲಿ ಹೀಟರ್ ಹಾಕಿದರೆ ಇನ್ನೂ ಹೆಚ್ಚು.

ಭಾವ: ಹೆದ್ದಾರಿಯಲ್ಲಿ ಹೆಚ್ಚೇ? ಮೂಲ?

ಅತ್ತಿಗೆ: ನಮ್ಮ ಗೋಡೆಯ ಮೇಲಿನ ಮೀಟರು. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಊರೊಳಗೆ ಬ್ರೇಕ್ ಹಾಕಿದಾಗಲೆಲ್ಲ ಒಂದಿಷ್ಟು ಬ್ಯಾಟರಿಗೇ ಮರಳುತ್ತದೆ.

ಚಿಕ್ಕಪ್ಪ: ಬ್ರೇಕ್ ಎಂದೊಡನೆ ಅಣ್ಣನ ಹಳೆಯ ಸ್ಕೂಟರ್ ನೆನಪಾಯಿತು. ಪೆಟ್ರೋಲ್ ಮುಗಿಯಿತೆಂದರೆ ರಿಸರ್ವಿಗೆ ತಿರುಗಿಸಿ ಹೊರಟುಬಿಡುತ್ತಿದ್ದೆವು. ಎಂಥ ದಿನಗಳು!

ದೊಡ್ಡಪ್ಪ: ನನಗೂ ನೆನಪಿದೆ. ನನ್ನ ಸಂದರ್ಶನದ ಹಿಂದಿನ ದಿನ ಒಯ್ದ ನೀನು ರಿಸರ್ವನ್ನೂ ಬರಿದು ಮಾಡಿ ತಂದು ನಿಲ್ಲಿಸಿದ್ದೆ.

ಚಿಕ್ಕಪ್ಪ: ಅರ್ಧ ಲೀಟರ್ ಇತ್ತು ಅಣ್ಣ.

ದೊಡ್ಡಪ್ಪ: ಇರಲಿಲ್ಲ.

ಅತ್ತೆ: ಇರಲಿಲ್ಲ. ಹಿಂದಿನಿಂದ ತಳ್ಳಿದವಳು ನಾನು.

(ಮುಂದಿನ ನಲವತ್ತೇಳು ಸಂದೇಶಗಳು ಆ ಅರ್ಧ ಲೀಟರಿಗೇ ಮೀಸಲು. ಭಾವ ಅದಕ್ಕೂ ಮೂಲ ಕೇಳಿದರು. ನಡುವೆ ಅತ್ತಿಗೆ ಬರೆದದ್ದನ್ನು ಯಾರೂ ನೋಡಲಿಲ್ಲ. ನನಗೆ ಹೊಟ್ಟೆಯುರಿದು ಇಲ್ಲಿ ಹಾಕುತ್ತಿದ್ದೇನೆ.)

ಅತ್ತಿಗೆ: ಖರ್ಚಿನ ಗುಟ್ಟು ಆ ಎರಡು ಯೂನಿಟ್‌ಗಳಲ್ಲಿ ಇಲ್ಲ, ಎಲ್ಲಿ ಚಾರ್ಜ್ ಮಾಡುತ್ತೇವೆ ಎಂಬುದರಲ್ಲಿದೆ. ದಾರಿಯ ವೇಗದ ಚಾರ್ಜರಿನಲ್ಲಿ ಯೂನಿಟ್ ದರ ಮನೆಯ ದರದ ಎರಡು ಮೂರು ಪಟ್ಟು ಇರಬಹುದು. ನಿತ್ಯವೂ ಅಲ್ಲೇ ತುಂಬಿಸಿಕೊಳ್ಳುವವರಿಗೆ ಉಳಿತಾಯ ಅಷ್ಟಕ್ಕಷ್ಟೇ. ಇನ್ನು ನುಂಗುವ ಮಾತಿಗೆ ಬಂದರೆ, ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಎಂಜಿನ್ನಿನಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಶಾಖವಾಗಿಯೇ ಹೋಗುತ್ತದೆ. ಅದನ್ನು ಯಾರೂ ಹತ್ತು ಮಂದಿಗೆ ತಲುಪಿಸುವುದಿಲ್ಲ.

ಚಿಕ್ಕಪ್ಪ: ಅದಿರಲಿ ಅಮ್ಮಾ, ಭಾನುವಾರ ನಿನ್ನ ಕಾರು ಒಂದು ದಿನದ ಮಟ್ಟಿಗೆ ಸಿಕ್ಕೀತೇ?

ದೊಡ್ಡಪ್ಪ: ಕೊಡುವ ಮುಂಚೆ ಬ್ಯಾಟರಿ ಎಷ್ಟಿದೆಯೆಂದು ಪರದೆಯ ಫೋಟೋ ತೆಗೆದು ಇಟ್ಟುಕೋ.